ಯಂತ್ರಭೇದ ನಿರ್ಣಯ: ಆದೋನಿ ಸೀಮೆಯ ಗೃಹಸ್ಥ ಟರ್ನರುಗಳಿಗಾಗಿ

ಹಿತ್ತಲ ಕೋಣೆಯಲ್ಲಿ ಕಬ್ಬಿಣ ಕಡೆಯುವ ಆಸೆ ಹುಟ್ಟಿದ ಗೃಹಸ್ಥನಿಗೆ ಮೊದಲು ಎದುರಾಗುವ ಸಂಶಯ ಇದು: ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮೂರೂ ಒಂದೇ ಮೈಯಲ್ಲಿರುವ ಯಂತ್ರ ಕೊಳ್ಳುವುದೋ, ಬೇರೆ ಬೇರೆ ಕೊಳ್ಳುವುದೋ? ಬೇರೆ ಊರಿನವರು ಇದನ್ನು ಅಂಗಡಿಯಲ್ಲೇ ಪರಿಹರಿಸಿಕೊಳ್ಳಬಹುದು. ಆದೋನಿಯವರಿಗೆ ಆ ಸ್ವಾತಂತ್ರ್ಯವಿಲ್ಲ. ಹತ್ತಿರದಲ್ಲೇ ತುಂಗಭದ್ರೆಯ ದಡದ ಮಂತ್ರಾಲಯವಿದೆ. 1671ರಲ್ಲಿ ಅಲ್ಲಿ ಬೃಂದಾವನಸ್ಥರಾದ ರಾಘವೇಂದ್ರ ತೀರ್ಥರು ಜಯತೀರ್ಥರ ‘ನ್ಯಾಯಸುಧೆ’ಗೆ ‘ಪರಿಮಳ’ ಬರೆದವರು. ಇಂಥ ಸೀಮೆಯಲ್ಲಿ ಪೂರ್ವಪಕ್ಷ ಮಂಡಿಸದೆ ಒಂದು ಡ್ರಿಲ್ ಬಿಟ್ ಕೊಂಡರೂ ಶಾಸ್ತ್ರಲೋಪ.

ಪ್ರಮಾಣಗಳು ಮೂರು. ಚಕ್ಕಿನಲ್ಲಿ ತಿರುಗುವ ಷಾಫ್ಟ್ ಪ್ರತ್ಯಕ್ಷ. ನೀಲಿಗಟ್ಟಿದ ಚಿಪ್ಸು ಕಂಡು ಟೂಲ್ ಕಾದಿದೆ ಎಂದು ತಿಳಿಯುವುದು ಅನುಮಾನ. ಆಗಮವೆಂದರೆ ಕ್ಯಾಟಲಾಗು. ಅದು ಅಪೌರುಷೇಯ, ಬರೆದವನು ಯಾರೆಂದು ಮಾರುವವನಿಗೂ ಗೊತ್ತಿರುವುದಿಲ್ಲ.

ಅಭೇದವಾದಿಯ ಪೂರ್ವಪಕ್ಷ: ಬೆಡ್ ಒಂದು, ಕಡಪಾ ಕಲ್ಲಿನ ನೆಲದಲ್ಲಿ ಹಿಡಿಯುವ ಜಾಗ ಒಂದು, 230 ವೋಲ್ಟಿನ ಪ್ಲಗ್ ಒಂದು, ಮನೆಯವರ ಒಪ್ಪಿಗೆ ಕೇಳಬೇಕಾದದ್ದೂ ಒಂದೇ ಸಲ. ನಾಲ್ಕನೆಯ ಹೇತುವನ್ನು ಖಂಡಿಸುವ ಧೈರ್ಯ ಯಾವ ಪಂಡಿತನಿಗೂ ಇಲ್ಲ.

ಉಳಿದ ಮೂರಕ್ಕೆ ಉತ್ತರವುಂಟು. ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದು. ಲೇತಿನಲ್ಲಿ ತಿರುಗುವುದು ಜಾಬ್. ಮಿಲ್ಲಿಂಗಿನಲ್ಲಿ ತಿರುಗುವುದು ಕಟರ್, ಜಾಬ್ ಟೇಬಲ್ಲಿನೊಡನೆ ಸರಿಯುತ್ತದೆ. ಸಂಯುಕ್ತ ಯಂತ್ರದಲ್ಲಿ ಲೇತಿನ ಕ್ರಾಸ್ ಸ್ಲೈಡೇ ಟೇಬಲ್ಲಿನ ವೇಷ ಹಾಕಬೇಕು. ಸಾಮಾನ್ಯವಾಗಿ ಅದು ಮೇಲೆ ಕೆಳಗೆ ಆಡುವುದಿಲ್ಲ, ಪ್ಯಾಕಿಂಗ್ ಕೊಟ್ಟು ಎತ್ತರಿಸಬೇಕು. ಷಾಫ್ಟಿಗೊಂದು ಕೀವೇ ಹಾಕಬೇಕೆಂದರೆ ಟೂಲ್‌ಪೋಸ್ಟ್ ಕಳಚಿ, ವೈಸ್ ಕೂರಿಸಿ, ಡಯಲ್ ಗೇಜ್ ಹಿಡಿದು ನೇರ ಮಾಡಿ, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಮೊದಲಿನಂತೆ ಜೋಡಿಸಬೇಕು. ಯಂತ್ರಗಳು ಬೇರೆಯಿದ್ದರೆ ಲೇತಿನ ಸೆಟ್ಟಿಂಗ್ ಕದಲುವುದಿಲ್ಲ.

ಲೇತಿಗೇ ವರ್ಟಿಕಲ್ ಸ್ಲೈಡ್ ಸೇರಿಸಿ, ಸ್ಪಿಂಡಲ್ಲಿಗೆ ಕಟರ್ ಹಿಡಿಸಿ ಸಣ್ಣಪುಟ್ಟ ಮಿಲ್ಲಿಂಗ್ ಮುಗಿಸುವವರು ವಿಶಿಷ್ಟಾದ್ವೈತಿಗಳು. ಅವರಿಗೆ ಲೇತೇ ಶರೀರಿ, ಸ್ಲೈಡು ಶರೀರ.

ದೃಷ್ಟಾಂತಕ್ಕೆ ಊರು ದಾಟಬೇಕಿಲ್ಲ. ಆದೋನಿಯಲ್ಲಿ ಹತ್ತಿ ಬಿಡಿಸುವ ಜಿನ್ ಬೇರೆ, ಬೇಲ್ ಒತ್ತುವ ಪ್ರೆಸ್ ಬೇರೆ, ಹತ್ತಿಕಾಳು ಹಿಂಡುವ ಗಿರಣಿ ಬೇರೆ. 1840ರಲ್ಲಿ ಅಮೆರಿಕದ ಫೋನ್ಸ್ ಮೆಕಾರ್ಥಿ ಪೇಟೆಂಟ್ ಪಡೆದ ರೋಲರ್ ಜಿನ್ನಿನ ವಂಶಸ್ಥ ಡಬಲ್ ರೋಲರ್ ಜಿನ್ ಕೂಡ ಹತ್ತಿ ಬಿಡಿಸುವುದಷ್ಟನ್ನೇ ಮಾಡುತ್ತದೆ. ಅದರ ಚರ್ಮದ ರೋಲರು ಸವೆದರೆ ಗ್ರೂವ್ ಹಾಕಲು ಪ್ರತ್ಯೇಕ ಯಂತ್ರವೇ ಉಂಟು. ಆ ರೋಲರಿನ ರೂಢಿಯ ಉದ್ದ ಸುಮಾರು 40 ಅಂಗುಲ. ಮನೆಬಳಕೆಯ ಹಲವು ಸಂಯುಕ್ತ ಯಂತ್ರಗಳಲ್ಲಿ ಎರಡು ಸೆಂಟರುಗಳ ನಡುವೆ ಸಿಗುವುದು 20 ಅಂಗುಲದಷ್ಟು. ಆದ್ದರಿಂದ ಅರ್ಧ ರೋಲರಿನ ಮಟ್ಟಿಗೆ ಅಭೇದವಾದ ಸಿಂಧು.

ಬೇರೆ ಮಾಡಿದರೆ ಸಂಬಂಧ ಕೆಡದೇ ಎಂಬ ಆಕ್ಷೇಪ ನಿಲ್ಲದು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆ ಬಿಟ್ಟು ಆಂಧ್ರಕ್ಕೆ ಸೇರಿದವು. ಬೀಗತನವಾಗಲಿ ಕನ್ನಡವಾಗಲಿ ಗಡಿಯಲ್ಲಿ ಇಳಿದು ಹಿಂದಿರುಗಲಿಲ್ಲ.

ಇನ್ನು ತಾರತಮ್ಯ. ಮೊದಲು ಲೇತ್, ಅದರ ಟೂಲ್ ಸಾಣೆಗೆ ಬೆಂಚ್ ಗ್ರೈಂಡರ್, ಆಮೇಲೆ ಪಿಲ್ಲರ್ ಡ್ರಿಲ್, ಕಡೆಗೆ ಮಿಲ್ಲಿಂಗ್. ಅಲ್ಲಿಯವರೆಗೆ ಕೀವೇ ಕೆಲಸ ಪೇಟೆಯ ಲೇತ್ ವರ್ಕ್ಸಿಗೆ. ಕೋಣೆ ತೀರ ಇಕ್ಕಟ್ಟಾಗಿದ್ದು, ಮಾಡುವುದು ಅಂಗೈಯಗಲದ ಮಾಡೆಲ್ ಎಂಜಿನ್ ಮಾತ್ರವಾದರೆ ಸಂಯುಕ್ತ ಯಂತ್ರ ಕೊಳ್ಳಬಹುದು. ಆದರೆ ಲೇತಿಗೂ ಮಿಲ್ಲಿಂಗಿಗೂ ಬೇರೆ ಬೇರೆ ಮೋಟಾರು ಇರುವುದನ್ನೇ ಕೊಳ್ಳಿ. ಭೇದವಾದ ಅಲ್ಲಿಯೂ ಗೆದ್ದಂತೆಯೇ.