ಅವಿರೋಧ ಜ್ಞಾನತಂದೆ

"ಕೂಸಿನ ನೆತ್ತಿ ಮ್ಯಾಲೆ ನೀರು ಬೀಳೂತನಕ ನನ್ನ ಗಂಟಲಾಗ ನೀರು ಇಳಿಯೂದಿಲ್ಲ ನೋಡಪಾ" ಎಂದು ಹೇಳಿ ಕಾಕಾ ಎರಡನೇ ಕಪ್ಪು ಚಹಾ ಕುಡಿದು ಮುಗಿಸಿದರು.

ಕಾಕಾನ ಹೆಸರು ಬರೆಯುವುದಿಲ್ಲ. ಬರೆದರೆ ಸವಣೂರು ತಾಲೂಕಿನ ಹತ್ತಿಮತ್ತೂರಿನ ಸುತ್ತಮುತ್ತಲಿನ ಕಾಕಾಗಳೆಲ್ಲ "ನನ್ನನ್ಯಾಕ ಬಿಟ್ಟಿ?" ಎಂದು ಜಗಳಕ್ಕೆ ಬಂದಾರು. ಕಥೋಲಿಕರು ನಾಲ್ಕು ಮನೆ ಇರುವ ಕಡೆ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಮದುವೆಗೆ ಹಿರೇತನ ಮಾಡಲು ಯಾರು ಬೇಕಾದರೂ ಸಿಕ್ಕಾರು, ಜ್ಞಾನಸ್ನಾನದ ಹಿರೇತನಕ್ಕೆ ಶಾಸ್ತ್ರ ಗೊತ್ತಿರಬೇಕು. ಕಾಕಾಗೆ ಗೊತ್ತು. ಫಾದರ್‌ಗಿಂತ ತುಸು ಹೆಚ್ಚೇ ಗೊತ್ತು ಎಂಬುದು ಸ್ವತಃ ಕಾಕಾನ ಅಭಿಪ್ರಾಯ. ಫಾದರುಗಳು ಕೆಲವು ವರ್ಷ ಇದ್ದು ವರ್ಗವಾಗಿ ಹೋಗುತ್ತಾರೆ; ಕಾಕಾನನ್ನು ವರ್ಗ ಮಾಡುವ ಅಧಿಕಾರ ಬೆಳಗಾವಿಯ ಬಿಷಪ್ಪರಿಗೂ ಇಲ್ಲ.

ಈ ಸಲದ ಕೂಸು ನನ್ನ ತಮ್ಮನ ಚೊಚ್ಚಲ ಮಗ. ಹುಟ್ಟಿದ್ದು ತಾಯಿಯ ತವರಿನಲ್ಲಿ, ಮುಂಡಗೋಡದ ಕಡೆ. ಅಲ್ಲಿಂದಲೇ ತಕರಾರು ಶುರುವಾಯಿತು. ಬೀಗರು ಜ್ಞಾನಸ್ನಾನವನ್ನು ತಮ್ಮ ಚರ್ಚಿನಲ್ಲೇ ಮಾಡಿಸುತ್ತೇವೆ ಎಂದರು. ಕಾಕಾ ಫೋನು ಇಸಿದುಕೊಂಡು, "ಅದು ಕಾರವಾರ ಧರ್ಮಪ್ರಾಂತ್ಯರೀ, ನಮ್ಮದು ಬೆಳಗಾವಿ" ಎಂದರು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಆಯಿತು, 1976ರಲ್ಲಿ ಕಾರವಾರ ಅದರಿಂದ ಬೇರೆಯಾಯಿತು. ಕಾಕಾ ಈ ಸಂಗತಿಯನ್ನು ಹೇಳುವ ಧಾಟಿ ಹೇಗಿರುತ್ತದೆಂದರೆ, ಅಣ್ಣತಮ್ಮಂದಿರು ಹಿಸ್ಸೆ ಆಗಿ ಬಾವಿ ಅವರ ಪಾಲಿಗೆ ಹೋದಂತೆ ಇರುತ್ತದೆ. ಕೂಸಿನ ಜ್ಞಾನಸ್ನಾನ ಸಾಮಾನ್ಯವಾಗಿ ತಂದೆತಾಯಿಯ ಧರ್ಮಕೇಂದ್ರದಲ್ಲೇ ಆಗಬೇಕೆಂಬುದು ಧರ್ಮಸಭೆಯ ಕಾನೂನು. ಬೀಗರು ಸುಮ್ಮನಾದರು.

ಆದರೆ ಅದೇ ಕಾನೂನು ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ನೀರು ಹಾಕಿಸಿ ಎಂದೂ ಹೇಳುತ್ತದೆ. ತವರಿನ ಕಾನೂನು ಬಾಣಂತಿಯನ್ನು ಐದು ತಿಂಗಳು ಕಳಿಸುವುದಿಲ್ಲ ಎನ್ನುತ್ತದೆ. ಧರ್ಮಸಭೆಯ ಕಾನೂನನ್ನು 1983ರಲ್ಲಿ ತಿದ್ದಿದ್ದಾರೆ. ತವರಿನದನ್ನು ಯಾರೂ ಬರೆದೇ ಇಲ್ಲ, ತಿದ್ದುವುದೆಲ್ಲಿಂದ? ಕೂಸು ಐದು ತಿಂಗಳಿಗೇ ಬಂತು, ಹೊಸ ಕುಂಚಿಗಿ, ಬೆಳ್ಳಿ ಕಡಗ, ಒಂದು ಚೀಲ ಅಂಟಿನುಂಡಿ ಸಮೇತ.

ಮುಂದೆ ಜ್ಞಾನಸ್ನಾನದಲ್ಲಿ ಕೂಸಿಗೆ ಹೊಣೆ ನಿಲ್ಲುವ ಜ್ಞಾನತಂದೆಯ ಆಯ್ಕೆ. ಇದನ್ನು ನೋಡಿದವರು ಗ್ರಾಮ ಪಂಚಾಯ್ತಿ ಚುನಾವಣೆಯನ್ನು ಸಪ್ಪೆ ಎನ್ನುತ್ತಾರೆ. ಕಾಕಾ ಜಗಲಿಯ ಮೇಲೆ ಕೂತು ನಾಮಪತ್ರ ಪರಿಶೀಲನೆ ಮಾಡುತ್ತಾರೆ.

"ಗೋವಾದಾಗ ಇರೂ ಸೋದರಮಾವ?"

"ದೃಢೀಕರಣ ಆಗೇತೇನು ಅವಂಗ? ಆಗಿಲ್ಲ. ನಡಿಯೂದಿಲ್ಲ."

"ತಮ್ಮನ ದೋಸ್ತ, ಕಾಲೇಜಿನವ?"

"ಒಳ್ಳೇ ಹುಡುಗ. ಆದರ ಅವರು ಬಾಸೆಲ್ ಮಿಶನ್ ಮಂದಿ, ಕಥೋಲಿಕರಲ್ಲ. ಸಾಕ್ಷಿಯಾಗಿ ನಿಂದರಲಿ, ಜ್ಞಾನತಂದಿ ಆಗಾಕ ಬರೂದಿಲ್ಲ."

"ಅತ್ತಿಯ ಮಗ?"

"ಹದಿನಾರು ತುಂಬಿಲ್ಲ."

"ಹಂಗಾರ ನಾನs ನಿಲ್ತೀನಿ ಬಿಡ್ರಿ" ಎಂದ ನನ್ನ ತಮ್ಮ, ಬೇಸತ್ತು.

"ಹೆತ್ತಪ್ಪ ಜ್ಞಾನತಂದಿ ಆಗಾಕ ಬರೂದಿಲ್ಲೋ ತಮ್ಮಾ. ಕಾನೂನು ಐತಿ."

ಒಂದೊಂದು ಮಾತೂ ನೂರಕ್ಕೆ ನೂರು ನಿಜ. ಕಾಕಾ ಸುಳ್ಳು ಹೇಳಿ ಯಾರನ್ನೂ ಕೆಡವುವುದಿಲ್ಲ. ನಿಜ ಹೇಳಿಯೇ ಒಬ್ಬೊಬ್ಬರನ್ನು ಕೆಡವುತ್ತ ಬಂದು, ಕೊನೆಗೆ ಕಣದಲ್ಲಿ ಉಳಿದವರು ತಾವೊಬ್ಬರೇ ಎಂದು ಕಂಡು ತಾವೇ ಆಶ್ಚರ್ಯಪಡುತ್ತಾರೆ. "ಏನ್ ಮಾಡೂದು, ನನ್ನ ಕೊರಳಿಗೇ ಬಂತು" ಎಂದು ಪೇಟಾ ಸರಿ ಮಾಡಿಕೊಳ್ಳುತ್ತಾರೆ. ಹೀಗೆ ಅವಿರೋಧವಾಗಿ ಆಯ್ಕೆಯಾಗಿ ಆಯ್ಕೆಯಾಗಿ ಈ ಕೂಸು ಅವರಿಗೆ 41ನೆಯದು. ನಾನು 12ನೆಯವನು.

ಆಮೇಲೆ ಹೆಸರಿನ ಪಂಚಾಯ್ತಿ. ತಾಯಿ ಮೊಬೈಲಿನಲ್ಲಿ ಹುಡುಕಿ 'ಆಹಾನ್' ಎಂದಿಟ್ಟಿದ್ದಳು. "ಇದು ಯಾವ ಸಂತರ ಹೆಸರವ್ವಾ?" ಎಂದರು ಕಾಕಾ. 1917ರ ಹಳೇ ಕಾನೂನಿನಲ್ಲಿ ಸಂತರ ಹೆಸರು ಇಡದಿದ್ದರೆ ಫಾದರೇ ಒಂದನ್ನು ಸೇರಿಸಬೇಕಿತ್ತು. ಈಗಿನ ಕಾನೂನು ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎನ್ನುತ್ತದೆ, ಅಷ್ಟೇ. ಕಾಕಾ ಮಾತ್ರ ಇನ್ನೂ ಹಳೇ ಕಾನೂನಿನ ಪ್ರಜೆ. ಮೈಸೂರು ಸೀಮೆಯ ಹಿರಿಯರನ್ನು ನೋಡಿ ಕಲಿಯಿರಿ ಎಂದು ಉಪದೇಶ ಕೊಟ್ಟರು. ಅಲ್ಲಿ ಝೇವಿಯರ್ ಎಂಬ ಸಂತರು ಚೌರಪ್ಪ ಆದರು, ಪೀಟರ್ ರಾಯಪ್ಪ ಆದರು, ಇಗ್ನೇಷಿಯಸ್ ಇನ್ನಾಸಪ್ಪ ಆದರು. ಸ್ಪೇನಿನವರೂ ಗಲಿಲಾಯದವರೂ ನಮ್ಮ ಹೊಲದ ಬದುವಿನ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಂತೆ ಕೇಳಿಸುವ ಹೆಸರುಗಳು. ಕೊನೆಗೆ ರಾಜಿಯಾಯಿತು. ಚರ್ಚಿನ ಪುಸ್ತಕದಲ್ಲಿ 'ಆಹಾನ್ ಇಗ್ನೇಷಿಯಸ್', ಆಧಾರ್ ಕಾರ್ಡಿನಲ್ಲಿ 'ಆಹಾನ್', ಅಜ್ಜಿಯ ಬಾಯಲ್ಲಿ 'ಇನ್ನಾಸಿ'. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಯಾವ ಹೆಸರು ಹೇಳಿದಳೋ ಕೂಸಿಗೇ ಗೊತ್ತು. ಅವಳ ಬೆನ್ನಿಗೆ ಬಿದ್ದ ಗುದ್ದಿನ ರಭಸಕ್ಕೆ ಹೆಸರು ಅರ್ಧವೇ ಹೊರಟಿತು.

ರವಿವಾರ ಬೆಳಗ್ಗೆ ಚರ್ಚಿನ ಬಾಗಿಲಲ್ಲಿ ಫಾದರ್ ಕೂಸಿನ ಹೆಸರು ಕೇಳಿದರು. ತಂದೆ ಬಾಯಿ ತೆರೆಯುವಷ್ಟರಲ್ಲಿ ಕಾಕಾ ಹೇಳಿದ್ದರು. ಧರ್ಮಸಭೆಯಿಂದ ಏನು ಬೇಡುತ್ತೀರಿ ಎಂದು ಕೇಳಿದಾಗಲೂ ಅವರೇ ಬೇಡಿದರು. ಎದೆಗೆ ಎಣ್ಣೆ, ನೆತ್ತಿಗೆ ಮೂರು ಸಲ ನೀರು, ಮತ್ತೆ ನೆತ್ತಿಗೆ ಬಿಷಪ್ಪರು ವರ್ಷಕ್ಕೊಮ್ಮೆ ಮಂತ್ರಿಸಿ ಕೊಡುವ ಪರಿಮಳದ ಎಣ್ಣೆ. ನಮ್ಮ ಅಜ್ಜಿಯ ಪ್ರಕಾರ ಕೂಸಿಗೆ ದಿನಾ ಮಾಡುವ ಎಣ್ಣಿ-ನೀರೇ ಇದು, ಇಲ್ಲಿ ಉಜ್ಜುವುದು ಕಡಿಮೆ. ಬಿಳಿ ಬಟ್ಟೆಯ ಬದಲು ತವರಿನ ಬಿಳಿ ಕುಂಚಿಗಿಯನ್ನೇ ಹೊದಿಸಿದರು. ಪಾಸ್ಖದ ದೊಡ್ಡ ಮೇಣದಬತ್ತಿಯಿಂದ ಸಣ್ಣ ಬತ್ತಿ ಹಚ್ಚಿಕೊಂಡು ಕಾಕಾ ನಿಂತ ಭಂಗಿ ಫೋಟೋದವನಿಗೆ ನಾಲ್ಕು ಸಲ ಸಿಕ್ಕಿತು. ಕೂಸು ಒಂದು ಸಲ ಸಿಕ್ಕಿತು.

ಈ ವಿಧಿಯಲ್ಲಿ ಕಾಕಾಗೆ ಬಹಳ ಇಷ್ಟವಾದ ಘಟ್ಟವೊಂದಿದೆ. ಸೈತಾನನನ್ನು ಬಿಡುತ್ತೀರಾ, ಅವನ ಕೆಲಸಗಳನ್ನು ಬಿಡುತ್ತೀರಾ, ಅವನ ಆಡಂಬರವನ್ನು ಬಿಡುತ್ತೀರಾ ಎಂದು ಫಾದರ್ ಕೇಳುವುದು. ಉಳಿದವರು ಗೊಣಗಿದರೆ ಕಾಕಾ ಗುಡುಗುತ್ತಾರೆ. ಆಡಂಬರದ ಪ್ರಶ್ನೆಗೆ ಅವರ ದನಿ ಎಷ್ಟು ಏರಿತೆಂದರೆ ಹೊರಗೆ ಬ್ಯಾಂಡಿನವನು ಅದೇ ಸನ್ನೆ ಎಂದುಕೊಂಡು ಬಾರಿಸಿಯೇಬಿಟ್ಟ. ಹೌದು, ಬ್ಯಾಂಡು. ಅದರ ಪಕ್ಕಕ್ಕೆ ಹನ್ನೆರಡು ಅಡಿಯ ಫ್ಲೆಕ್ಸು. ಅದರಲ್ಲಿ ಯೇಸುಸ್ವಾಮಿ ಮೇಲಿನ ಮೂಲೆಯಲ್ಲಿ, ಕೂಸು ಕೆಳಗಿನ ಮೂಲೆಯಲ್ಲಿ, ನಡುವೆ ಕೂಲಿಂಗ್ ಗ್ಲಾಸು ಹಾಕಿಕೊಂಡ ಕಾಕಾ. ಹೀಗೆ 41 ಸಲ ಆಡಂಬರವನ್ನು ಒಳಗೆ ಬಿಟ್ಟು, 41 ಸಲವೂ ಹೊರಗೆ ಬಂದು ಅದು ಇದ್ದಲ್ಲೇ ಇದೆಯೋ ಇಲ್ಲವೋ ಎಂದು ನೋಡಿದವರು ಅವರು. ಈ ಸಲ ಬಯಲುಸೀಮೆಯ ಗಾಳಿ ಎದ್ದು ಫ್ಲೆಕ್ಸು ನಡುವೆ ಹರಿದಿತ್ತು. ಯೇಸುಸ್ವಾಮಿಗೂ ಕೂಸಿಗೂ ಏನೂ ಆಗಿರಲಿಲ್ಲ.

ಊಟದ ಏರ್ಪಾಡಿನಲ್ಲಿ ಮಾತ್ರ ಕಾಕಾನಿಗೆ ಎದುರಿಲ್ಲ. ಹಾರ ಹಾವೇರಿಯ ಏಲಕ್ಕಿ ಹಾರವೇ ಆಗಬೇಕು, ವೀಳ್ಯದೆಲೆ ಸವಣೂರಿನದೇ, ಬಂದವರ ಚಹಾದ ಜೊತೆಗೆ ಸವಣೂರು ಖಾರಾನೇ. ಮೊದಲ ಪಂಕ್ತಿ ಓಣಿಯ ಲಿಂಗಾಯತ ಹಿರಿಯರಿಗೆ: ಗೋಧಿಹುಗ್ಗಿ, ಬದನೀಕಾಯಿ ಎಣಗಾಯಿ, ಕಟಕರೊಟ್ಟಿ. ಅವರು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡು ಕೂಸನ್ನು ಹರಸಿ ಹೊರಟ ಮೇಲೆಯೇ ಹಿತ್ತಲಿನ ಮಟನ್ ಪಾತ್ರೆಯ ಮುಚ್ಚಳ ತೆಗೆಯಬೇಕು. ಅಷ್ಟರ ತನಕ ವಾಸನೆಯೂ ಬರಬಾರದೆಂದು ಕಾಕಾ ಮುಚ್ಚಳದ ಮೇಲೆ ಕಲ್ಲು ಹೇರಿಸಿರುತ್ತಾರೆ. ಆಯೇರಿಯನ್ನು ಮೈಕಿನಲ್ಲಿ ಕೂಗುವವರೂ ಅವರೇ. ಎಲ್ಲರ ನೂರಾ ಒಂದು, ಐನೂರಾ ಒಂದು ಮುಗಿದು ಗದ್ದಲ ಅಡಗಿದ ಮೇಲೆ ತಮ್ಮ ಬೆಳ್ಳಿ ಉಡದಾರವನ್ನು ತೂಕದ ಸಮೇತ ಸಾರುತ್ತಾರೆ.

ಇಷ್ಟೆಲ್ಲ ಇದ್ದೂ ಕಾಕಾಗೆ ಒಂದು ಕೊರಗು. ಅವರು ಹುಟ್ಟಿದ ಕಾಲದಲ್ಲಿ ಜ್ಞಾನಸ್ನಾನ ಲತೀನಿನಲ್ಲಿ ನಡೆಯುತ್ತಿತ್ತು, ಕೂಸಿನ ನಾಲಿಗೆಗೆ ಒಂದು ಹರಳು ಉಪ್ಪು ಮುಟ್ಟಿಸುತ್ತಿದ್ದರು. 1969ರಲ್ಲಿ ಮಕ್ಕಳ ಜ್ಞಾನಸ್ನಾನದ ವಿಧಿಯನ್ನು ಹೊಸದಾಗಿ ರೂಪಿಸಿದಾಗ ಉಪ್ಪು ಬಿಟ್ಟುಹೋಯಿತು. "ಲತೀನು ಹೋದದ್ದು ಚೊಲೊ ಆತು, ನನಗೂ ತಿಳೀತಿರಲಿಲ್ಲ. ಉಪ್ಪು ಯಾಕ ತಗದರು? ಉಪ್ಪು ತಿಂದ ಮನೀಗೆ ಎರಡು ಬಗೀಬಾರದು ಅಂತೀವಿ. ನಿಮಗ ಉಪ್ಪs ಹಾಕಿಲ್ಲ, ಯಾವ ಮನೀ ನೆನಪಿರತೈತಿ?"

ಸಂಜೆ ಚಪ್ಪರದ ಕೆಳಗೆ ಇದೇ ಪುರಾಣ ನಡೆದಿರುವಾಗ ಅವರ ಫೋನು ರಿಂಗಾಯಿತು. ಗೋವಾದಲ್ಲಿ ಕೆಲಸಕ್ಕಿರುವ 27ನೆಯ ಕೂಸು. ಮದುವೆ ಗೊತ್ತಾಗಿದೆ, ಅಲ್ಲಿನ ಫಾದರ್ ಜ್ಞಾನಸ್ನಾನದ ಪತ್ರ ಕೇಳಿದ್ದಾರೆ, ಇವನಿಗೆ ತಾರೀಕು ಗೊತ್ತಿಲ್ಲ. ಕಾಕಾ ಒಳಜೇಬಿನಿಂದ ಹೊಟ್ಟೆ ಉಬ್ಬಿದ ಹಳೇ ಡೈರಿ ತೆಗೆದು ಬೆರಳಿಗೆ ಉಗುಳು ಹಚ್ಚಿ ತಿರುವಿದರು. "ಬರಕೋ. ಮೇ ತಿಂಗಳು, ಎರಡನೇ ಆಯಿತವಾರ. ಅವತ್ತು ಹುಗ್ಗಿ ತಳಾ ಹತ್ತಿತ್ತು. ನಿಮ್ಮಪ್ಪ ಚಪ್ಪಲಿ ಕಳಕೊಂಡು ಬರಿಗಾಲಲೆ ಮನೀಗೆ ಹೋದ. ಪತ್ರ ನಾಳೆ ನಾನs ಇಸಗೊಂಡು ಕಳಸ್ತೀನಿ, ನೀ ಊಟ ಮಾಡಿಯಿಲ್ಲೋ?"

ಡೈರಿಯನ್ನು ಕೈಯಿಂದ ಇಸಿದುಕೊಂಡು ನನ್ನ ಪುಟ ಹುಡುಕಿದೆ. ತಾರೀಕಿನ ಮುಂದೆ ಪೆನ್ಸಿಲಿನಲ್ಲಿ ಎರಡೇ ಮಾತು: 'ಭಾಳ ಅತ್ತಾನ. ಉಪ್ಪು ಕಡಿಮಿ.'

"ಉಪ್ಪು ಕಡಿಮಿ ಇದ್ದದ್ದು ಸಾರಿಗೋ ನನಗೋ ಕಾಕಾ?"

"ಇಬ್ಬರಿಗೂ" ಎಂದು ಡೈರಿ ಕಸಿದುಕೊಂಡು 41ನೆಯ ಪುಟ ತೆಗೆದರು. ನಾನು ಹೆಗಲ ಮೇಲಿಂದ ಇಣುಕಿದೆ. ಉಡದಾರದ ತೂಕ ಬರೆಯುತ್ತಾರೆಂದುಕೊಂಡಿದ್ದೆ. ಹಿಂದಿನ ನಲವತ್ತು ಪುಟಗಳಲ್ಲೂ ಕೊಟ್ಟದ್ದರ ಸುದ್ದಿ ಇರಲಿಲ್ಲ, ಇಲ್ಲೂ ಬರಲಿಲ್ಲ. ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿ ಕಾಕಾ ಬರೆದರು: 'ಅಳಲಿಲ್ಲ. ಗಾಳಿ ಭಾಳ. ಸಾರಿಗೆ ಉಪ್ಪು ಬರೋಬರಿ.'