ಬಿಟ್ಟಿ ಸಲಹೆಯ ಬಾಬ್ತು

"ಯಜಮಾನ್ರೆ, ನಮ್ದು ಸೇವೆ. ನಿಮ್ಮಿಂದ ಒಂದು ಪೈಸೆನೂ ಬೇಡ."

"ಹಂಗಾದ್ರೆ ನಿನ್ ಕಾರಿಗೆ ಡೀಸೆಲ್ ಯಾರಪ್ಪ ಹಾಕಿಸ್ತಾರೆ?"

"ಕಾಲೇಜ್ನೋರು."

ಹುಣಸೂರಿನ 'ಅಡ್ಮಿಷನ್ ಕೌನ್ಸೆಲಿಂಗ್' ಕಚೇರಿಯೊಂದರಲ್ಲಿ ನಡೆಯಬಹುದಾದ ಈ ಮಾತಿನಲ್ಲಿ ರೈತ ಕೇಳಿದ್ದೇ ಸರಿಯಾದ ಪ್ರಶ್ನೆ. ಸೀಟಿಗಿಷ್ಟು ಎಂದು ಕಾಲೇಜು ಕಮಿಷನ್ ಕೊಡುವಾಗ ಸಲಹೆಗಾರನ ಬಾಯಿಗೆ ಬರುವುದು ರೈತನ ಮಗಳಿಗೆ ಒಗ್ಗುವ ಕೋರ್ಸಲ್ಲ, ತನಗೆ ಗಿಟ್ಟುವ ಕೋರ್ಸು. ಸಿಇಟಿ ಸೀಟುಗಳಲ್ಲಿ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ, ಎಚ್.ಡಿ. ಕೋಟೆಯ ಹಳ್ಳಿಶಾಲೆಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲೇ ಓದಿದವಳಿಗೆ ಎರಡೂ ಒದಗಬಹುದು. ಅದನ್ನು ಬಾಯಿಬಿಟ್ಟರೆ ಮ್ಯಾನೇಜ್‌ಮೆಂಟ್ ಸೀಟು ಬಿಕರಿಯಾಗುವುದೆಂತು?

"ಪಾಸ್‌ವರ್ಡ್ ನನ್ ಹತ್ರ ಇರ್ಲಿ, ಆಪ್ಷನ್ ನಾನೇ ತುಂಬ್ತೀನಿ."

ಈ ಔದಾರ್ಯ ದುಬಾರಿ. ಅಭ್ಯರ್ಥಿಗಳ ಲಾಗಿನ್ ಬಳಸಿ ಎಂಜಿನಿಯರಿಂಗ್ ಸೀಟುಗಳನ್ನು ಬ್ಲಾಕ್ ಮಾಡಿದ ಆರೋಪದ ಮೇಲೆ 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಠಾಣೆಯಲ್ಲಿ ಪ್ರಕರಣವೇ ದಾಖಲಾಯಿತು. ಆನ್‌ಲೈನ್ ಅರಿಯದ ಕೆ.ಆರ್. ನಗರದ ಅಪ್ಪಂದಿರಿಗೆ ಇವರೇ ಆಸರೆಯಲ್ಲವೇ ಎನ್ನಬಹುದು. ಆಸರೆ ಬೇಕು, ನಿಜ. ಅದರ ಕೂಲಿಯನ್ನು ಅಪ್ಪನಿಂದಲೇ ರಸೀದಿ ಕೊಟ್ಟು ಪಡೆಯಲಿ. ಪಿರಿಯಾಪಟ್ಟಣದ ತಂಬಾಕು ಹರಾಜಿನಲ್ಲಿ ಗ್ರೇಡ್ ಹೇಳುವವನು ಕಂಪನಿಯ ಕಾಸು ತಿಂದನೆಂದು ಗೊತ್ತಾದರೆ ಬೆಳೆಗಾರರು ಅಂದೇ ಹರಾಜು ನಿಲ್ಲಿಸುತ್ತಾರೆ. ಮಗಳ ನಾಲ್ಕು ವರ್ಷ ಒಂದು ತಂಬಾಕು ಬೇಲ್‌ಗಿಂತ ಅಗ್ಗವೇ?

"ಯಾವ ಕಾಲೇಜು ಎಷ್ಟು ಕೊಡುತ್ತೆ ಅಂತ ಬೋರ್ಡ್ ಮೇಲೆ ಬರೆಸಪ್ಪ."

"ಬರೆಸಿದ್ರೆ ಒಳಕ್ಕೆ ಯಾರು ಬತ್ತಾರೆ ಯಜಮಾನ್ರೆ?"