ದೃಷ್ಟಿ ತಾಕದಂತೆ ಮಗು ಸಾಕುವ ಕ್ರಮ

ಮೊದಲು ಸಾಮಗ್ರಿ ಜೋಡಿಸಿಕೊಳ್ಳಿ. ಕಾಡಿಗೆ ಒಂದು ಡಬ್ಬಿ, ಒಣಮೆಣಸಿನಕಾಯಿ ಏಳು, ಕಲ್ಲುಪ್ಪು ಒಂದು ಹಿಡಿ, ಕಪ್ಪು ದಾರ ಒಂದು ಮೊಳ, ಹಳೇ ಪೊರಕೆ ಒಂದು. ಥರ್ಮಾಮೀಟರಿಗೆ ದುಡ್ಡು ಸುರಿಯಬೇಡಿ. ದೇವರು ಅಂಗೈ ಕೊಟ್ಟಿದ್ದಾನೆ. ಇಷ್ಟಿದ್ದರೆ ಕೆಜಿಎಫ್ ಚಿನ್ನದ ಗಣಿಯೂರಿನ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಯಾವ ಲೈನುಮನೆಯಲ್ಲಾದರೂ ಮಗು ಸಾಕಬಹುದು.

ಒಂದು: ಬೊಟ್ಟು ಇಡಿ. ಎಡಗೆನ್ನೆಗೊಂದು, ಹಣೆಗೊಂದು, ಅಂಗಾಲಿಗೊಂದು. ಮಿಕ್ಕ ಕಾಡಿಗೆಯನ್ನು ಕಣ್ಣಿಗೇ ಹಚ್ಚಿ. ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆಂದು ಡಾಕ್ಟರು ಹೇಳುತ್ತಾರೆ. ಡಾಕ್ಟರ ಮಕ್ಕಳ ಕಣ್ಣು ಎಷ್ಟು ಚಿಕ್ಕದಿದೆ ನೋಡಿ. ಬೊಟ್ಟು ಒಣಗಲು ಕಿಟಕಿ ತೆರೆದಿಡಿ.

ಎರಡು: ಕಿಟಕಿಯಾಚೆ ನಿಂತ ಬೂದು ಗುಡ್ಡವನ್ನು ಕಂಡು ಗಾಬರಿಯಾಗಬೇಡಿ. ಅದು ಗುಡ್ಡವೇ ಅಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡು, ಉಳಿದದ್ದನ್ನು ತಂದು ಸುರಿದ ರಾಶಿ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಚಿನ್ನ ಹೊರಗಿನವರ ಪಾಲಾಯಿತು. ಹಿಟ್ಟು ಊರಿಗೇ ಉಳಿಯಿತು. ಕೆಜಿಎಫ್ ತುಂಬ ಅಂಥದ್ದು ಮೂರು ಕೋಟಿ ಟನ್‌ಗೂ ಹೆಚ್ಚು. ಗಾಳಿ ಎದ್ದ ದಿನ ಅನ್ನದ ಮೇಲೂ ಒಂದಿಷ್ಟು ಬೀಳುತ್ತದೆ. ತಟ್ಟೆ ಮುಚ್ಚಬೇಡಿ, ಮುಚ್ಚಿಟ್ಟ ಅನ್ನ ಬೆವರುತ್ತದೆ.

ಮೂರು: ಮಗು ಕೆಮ್ಮಿದರೆ ದೂಳನ್ನು ದೂರಬೇಡಿ. ನಿನ್ನೆ ಮಗುವನ್ನು ಎತ್ತಿಕೊಂಡವರ ಪಟ್ಟಿ ಮಾಡಿ. ‘ಎಷ್ಟು ಗುಂಡಗಿದೆ!’ ಎಂದವಳ ಹೆಸರಿಗೆ ಗೆರೆ ಹಾಕಿ. ಕಾರಣ ಸಿಕ್ಕಿತು. ತಾತನೂ ಕೆಮ್ಮುತ್ತಿದ್ದರು ಎಂದು ಯಾರಾದರೂ ನೆನಪಿಸಿದರೆ ಮಾತು ಬದಲಿಸಿ. ಕಲ್ಲುದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಆ ಕಾಯಿಲೆಗೆ ಸಿಲಿಕೋಸಿಸ್ ಎನ್ನುತ್ತಾರೆ. ದೂಳು ಕುಡಿಯಲು ತಾತ ಪಂಜರದಲ್ಲಿ ನಿಂತು ಆಳಕ್ಕೆ ಇಳಿಯಬೇಕಿತ್ತು. ಈ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳ. ಮೊಮ್ಮಗನಿಗೆ ಆ ಕಷ್ಟವಿಲ್ಲ, ತೊಟ್ಟಿಲಿಗೇ ಬರುತ್ತದೆ.

ನಾಲ್ಕು: ಔಷಧಿಯನ್ನು ಪಕ್ಕದ ಮನೆಯಿಂದ ತನ್ನಿ. ಅವರ ಮಗನಿಗೆ ಹೋದ ತಿಂಗಳು ಬರೆದುಕೊಟ್ಟ ಆಂಟಿಬಯೋಟಿಕ್ ಇನ್ನೂ ಅರ್ಧ ಬಾಟಲಿ ಇರುತ್ತದೆ. ಐದು ದಿನ ಎಂದಿದ್ದರೆ ಎರಡೇ ದಿನ ಹಾಕಿ. ಮಿಕ್ಕದ್ದನ್ನು ಮುಂದಿನ ಮನೆಗೆ ದಾಟಿಸಿ. ಲೈನಿನಲ್ಲಿ ಗೋಡೆಗಳೇ ಹಂಚಿಕೊಂಡಿವೆ. ಬಾಟಲಿಗೆ ಯಾಕೆ ಭೇದ?

ಐದು: ನೀರನ್ನು ಚೆನ್ನಾಗಿ ಕುದಿಸಿ. ಕೋಲಾರ ಜಿಲ್ಲೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಎಂದರೆ ಇನ್ನಷ್ಟು ಕುದಿಸಿ. ಕುದಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಆಗುವುದಿಲ್ಲ. ಹಾಗಾಗಿ ಮಗುವಿಗೆ ಗಟ್ಟಿ ನೀರು ಸಿಗುತ್ತದೆ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಕುಡಿಸಿದರೆ ಮುಂದೆ ಕಂದು ಪಟ್ಟೆ ಮೂಡಿ, ಜಾತ್ರೆಯಲ್ಲಿ ತಪ್ಪಿಸಿಕೊಂಡರೂ ನಕ್ಕ ತಕ್ಷಣ ಯಾವ ಸೀಮೆಯ ಮಗು ಎಂದು ಗೊತ್ತಾಗುತ್ತದೆ.

ಆರು: ಭೇದಿಯಾದರೆ ನೀರು ನಿಲ್ಲಿಸಿ. ಒಳಗೆ ಹೋದರೆ ತಾನೆ ಹೊರಗೆ ಬರುವುದು! ಮಗು ಸೊರಗುವುದು ನೀರು ಕಳೆದುಕೊಂಡೇ ಎಂದು ಆಶಾ ಕಾರ್ಯಕರ್ತೆ ವಾದಿಸುತ್ತಾಳೆ, ಓಆರ್‌ಎಸ್ ಪೊಟ್ಟಣ ಕೊಟ್ಟು ಒಂದು ಲೀಟರ್ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ ಎನ್ನುತ್ತಾಳೆ. ಗೌರವದಿಂದ ಇಸಿದುಕೊಂಡು ದೇವರ ಪಟದ ಹಿಂದೆ ಸಿಕ್ಕಿಸಿ. ನಾಲಿಗೆ ಕೆಟ್ಟಿದೆ ಎಂದು ಮಗು ಹಟ ಹಿಡಿದರೆ ಬಂಗಾರಪೇಟೆಯ ಪಾನಿಪುರಿ ಕೊಡಿಸಿ. ಬೇರೆ ಊರಿನ ಪಾನಿ ಹಸಿರು. ನಮ್ಮದು ಬಾವಿ ನೀರಿನಷ್ಟು ತಿಳಿ. ಕಣ್ಣಿಗೆ ಏನೂ ಕಾಣದಿದ್ದರೆ ಅದರಲ್ಲಿ ಏನೂ ಇಲ್ಲ ಎಂದೇ ಅರ್ಥ. ಈ ನಿಯಮ ದೃಷ್ಟಿಗೆ ಅನ್ವಯಿಸುವುದಿಲ್ಲ.

ಏಳು: ದೂರದಿಂದ ಸಾಕುವುದನ್ನು ಕಲಿಯಿರಿ. ಕತ್ತಲಿರುವಾಗಲೇ ಮಾರಿಕುಪ್ಪಂನಿಂದ ಹೊರಟ ರೈಲು ಚಾಂಪಿಯನ್ ನಿಲ್ದಾಣಕ್ಕೆ ಬರುತ್ತದೆ. ಮಗು ಏಳುವ ಮೊದಲೇ ಕೆಲಸಕ್ಕೆಂದು ಹತ್ತಿ. ಊರಿಗಾಂ, ಕೋರಮಂಡಲ್, ಬೆಮೆಲ್ ನಗರ ದಾಟುವವರೆಗೆ ತೂಕಡಿಸಿ. ಬಂಗಾರಪೇಟೆಯಲ್ಲಿ ಟೀ ಕುಡಿದು ಮನೆಗೆ ಫೋನ್ ಮಾಡಿ: ‘ಏನು ತಿಂತು? ಎಷ್ಟು ತಿಂತು? ಯಾಕೆ ತಿನ್ನಲಿಲ್ಲ?’ ಉತ್ತರ ಕೇಳಿಸಿಕೊಳ್ಳುವ ಅಗತ್ಯವಿಲ್ಲ, ಸಿಗ್ನಲ್ ಹೋಗುತ್ತದೆ. ಮಗು ಮೈ ತುಂಬಿಕೊಂಡರೆ ನಿಮ್ಮ ವಂಶದ ಗುಣ, ಇಳಿದುಹೋದರೆ ಅಜ್ಜಿಯ ಕೈಗುಣ. ಈ ಲೆಕ್ಕ ಬರೆದಿಡಿ, ಜಗಳಕ್ಕೆ ಬೇಕಾಗುತ್ತದೆ.

ಎಂಟು: ಭಾನುವಾರ ಮಗುವನ್ನು ಸೈನೈಡ್ ಗುಡ್ಡಕ್ಕೆ ಕರೆದೊಯ್ಯಿರಿ. ಸಿನಿಮಾದವರು ಬೆಂಗಳೂರಿನಿಂದ ಹುಡುಕಿಕೊಂಡು ಬಂದ ಜಾಗ, ನಿಮಗೆ ಪುಕ್ಕಟೆ. ಗೋಣಿಚೀಲದ ಮೇಲೆ ಕೂರಿಸಿ ಜಾರಿಸಿ. ಮಳೆ ಕೊರೆದ ಕೊರಕಲಿನ ಅಂಚಿಗೆ ನಿಲ್ಲಿಸಿ ಫೋಟೊ ತೆಗೆಯಿರಿ. ‘ಇನ್ನೂ ಸ್ವಲ್ಪ ಹಿಂದೆ’ ಎಂದು ಕೈಸನ್ನೆ ಮಾಡಿ. ಸ್ಟೇಟಸ್‌ಗೆ ಹಾಕಿ. ಮಧ್ಯಾಹ್ನದೊಳಗೆ ನೂರು ಜನ ನೋಡುತ್ತಾರೆ. ಈಗ ನಿಜವಾದ ಅಪಾಯ ಶುರು.

ಒಂಬತ್ತು: ಸಂಜೆ ತಡಮಾಡದೆ ದೃಷ್ಟಿ ತೆಗೆಯಿರಿ. ಮಗುವನ್ನು ಪೂರ್ವಕ್ಕೆ ಕೂರಿಸಿ. ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿ ಸೇರಿಸಿ ಮೂರು ಸಲ ನಿವಾಳಿಸಿ ಕೆಂಡಕ್ಕೆ ಹಾಕಿ. ಹೊಗೆ ವ್ಯರ್ಥವಾಗಬಾರದು, ಈಗ ಮಾತ್ರ ಕಿಟಕಿ ಮುಚ್ಚಿ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿ ತಾಕಿತ್ತು ಎಂದರ್ಥ. ಘಾಟು ಬಂದು ಮಗು ಕೆಮ್ಮಿದರೆ ಅದು ಹೊರಗೆ ಬೀಳುತ್ತಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಫೇಲಾದವರು ಯಾರೂ ಇಲ್ಲ.

ಹತ್ತು: ಹೊಗೆ ಇಳಿದ ಮೇಲೆ ಕಿಟಕಿ ಮತ್ತೆ ತೆರೆಯಿರಿ. ಅಂಚಿನಲ್ಲಿ ಕೂತ ಬೂದು ದೂಳನ್ನು ಒರೆಸಬೇಡಿ. ಅಂಗನವಾಡಿಯಲ್ಲಿ ಕಲಿತ ‘ಅ’ವನ್ನು ಮಗು ಅದರ ಮೇಲೆ ಬೆರಳಿನಿಂದ ತಿದ್ದಲಿ, ಸ್ಲೇಟಿನ ಖರ್ಚು ಉಳಿಯುತ್ತದೆ. ಅಕ್ಷರ ಸೊಟ್ಟಗಾದರೆ ಉಫ್ ಎಂದು ಊದಿ ಮತ್ತೆ ಬರೆಯುತ್ತದೆ. ಬರೆದು ಮುಗಿಸಿ ಬೆರಳು ಬಾಯಿಗಿಟ್ಟುಕೊಂಡು ನಿದ್ದೆ ಹೋಗುತ್ತದೆ. ದೀಪ ಆರಿಸುವ ಮೊದಲು ಬಗ್ಗಿ ನೋಡಿ: ಕೆನ್ನೆಯ ಬೊಟ್ಟು ಅಳಿಸಿಲ್ಲ ತಾನೆ? ಸರಿ, ಮಲಗಿ. ಬೆಳಗ್ಗೆ ರೈಲಿದೆ.